ಖಾಲಿ ಬೇರೆ, ಸೊನ್ನೆ ಬೇರೆ

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. "ಸಮಯ ಸಿಗ್ತಿಲ್ಲ" ಅಂತ ಎಲ್ಲರೂ ಹೇಳೋ ಸುಳ್ಳನ್ನೇ ನಾನೂ ಹೇಳಿ ಮುಂದೆ ಹೋಗ್ತೀನಿ :-)

ಇವತ್ತು ಬರೀತಿರೋದು ಸೊನ್ನೆಯ ಬಗ್ಗೆ. "ಸೊನ್ನೆ ಕಂಡುಹಿಡಿದವರು ನಾವೇ" ಅಂತ ಎದೆ ತಟ್ಟಿಕೊಳ್ಳೋ ಫಾರ್ವರ್ಡ್‌ಗಳು ನಿಮಗೂ ಬಂದಿರುತ್ತವೆ. ನಾನು ಹೇಳಹೊರಟಿರೋದು ಅದರ ಪಕ್ಕದ ಮನೆಯ ಕಥೆ. ಸೊನ್ನೆ ಅಂತ ಬರೆಯೋದಕ್ಕೂ, ಏನೂ ಬರೆಯದೆ ಖಾಲಿ ಬಿಡೋದಕ್ಕೂ ಇರೋ ವ್ಯತ್ಯಾಸವನ್ನ ಜನ ಯಾವಾಗಿನಿಂದ ಮರೀತಾ ಬಂದಿದ್ದಾರೆ, ಮರೆತಾಗ ಏನಾಗುತ್ತೆ ಅನ್ನೋ ಕಥೆ. ಶುರುವಾಗೋದು ನನ್ನದೇ ಒಂದು ಎಡವಟ್ಟಿನಿಂದ.

ನಮ್ಮೂರು ಜಡಿಗೇನಹಳ್ಳಿ. ಹೊಸಕೋಟೆ ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಕೆಲಸಕ್ಕೆ ಹೋಗ್ತಿದ್ದದ್ದು ವೈಟ್‌ಫೀಲ್ಡ್ ಕಡೆ. ಆಗ ನಾನಿದ್ದ ಕಂಪನಿ (ಹೆಸರು ಬೇಡ ಬಿಡಿ) ಬೇರೆ ಬೇರೆ ಗುತ್ತಿಗೆದಾರರ ಸಂಬಳದ ಲೆಕ್ಕ ನೋಡಿಕೊಳ್ಳುತ್ತಿತ್ತು. ಸೆಕ್ಯೂರಿಟಿಯವರು, ಹೌಸ್‌ಕೀಪಿಂಗ್‌ನವರು, ಕ್ಯಾಂಟೀನಿನವರು, ಹೀಗೆ. ರಾತ್ರಿ ಒಂದು ಗಂಟೆಗೆ ಕಂಪ್ಯೂಟರ್ ತಾನೇ ಎದ್ದು ಹಾಜರಿ ಲೆಕ್ಕ ಹಾಕಿ, ಸಂಬಳದ ಪಟ್ಟಿ ಮಾಡಿ, ಬ್ಯಾಂಕಿಗೆ ಫೈಲ್ ಕಳಿಸಬೇಕು. ಇಂಥ ಕೆಲಸಗಳನ್ನ ಹೊತ್ತಿಗೆ ಸರಿಯಾಗಿ ಎಬ್ಬಿಸೋ ಮೇಸ್ತ್ರಿಗೆ ಜಾಬ್ ಶೆಡ್ಯೂಲರ್ ಅಂತಾರೆ. ಪ್ರತಿ ಕೆಲಸಕ್ಕೂ ಒಂದು ಟೈಮ್‌ಔಟ್ ಇರುತ್ತೆ. ಅಂದ್ರೆ "ಇಷ್ಟು ಹೊತ್ತಾದರೂ ಮುಗೀದಿದ್ರೆ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಅಂತ ಲೆಕ್ಕ, ನಿಲ್ಲಿಸಿಬಿಡು" ಅನ್ನೋ ಗಡುವು.

ಹಳೆಯ ಶೆಡ್ಯೂಲರಿನಲ್ಲಿ ನಿಯಮ ಹೀಗಿತ್ತು. ಟೈಮ್‌ಔಟ್ ಜಾಗ ಖಾಲಿ ಇದ್ದರೆ ಎಲ್ಲರಿಗೂ ಅನ್ವಯಿಸೋ ಎರಡು ಗಂಟೆ. 0 ಅಂತ ಬರೆದಿದ್ದರೆ ಗಡುವೇ ಇಲ್ಲ, ಎಷ್ಟು ಹೊತ್ತು ಬೇಕಾದರೂ ಓಡಲಿ. ನಾವು ಹೊಸ ಶೆಡ್ಯೂಲರಿಗೆ ಬದಲಾದಾಗ ಈ ಎಲ್ಲ ಸೆಟ್ಟಿಂಗುಗಳನ್ನ ಫೈಲಿನಿಂದ ಡೇಟಾಬೇಸಿಗೆ ಸಾಗಿಸಿದ್ವಿ. ಆ ಟೇಬಲ್ಲಿನ ಕಾಲಂ ಮಾಡಿದವನು ನಾನೇ. "ಖಾಲಿ ಬಿಡುವಂತಿಲ್ಲ, ಏನೂ ಕೊಡದಿದ್ರೆ 0 ಹಾಕಿಕೋ" ಅಂತ ಬರೆದಿದ್ದೆ. ಅಚ್ಚುಕಟ್ಟಾಗಿದೆ ಅಂತ ಖುಷಿಯೂ ಪಟ್ಟಿದ್ದೆ.

ತಿಂಗಳ ಕೊನೆ ಬಂತು. ಹೊಸ ಶೆಡ್ಯೂಲರ್ 0 ಅನ್ನೋದನ್ನ ಅಕ್ಷರಶಃ ಓದಿಕೊಂಡಿತು: ಈ ಕೆಲಸಕ್ಕೆ ಕೊಟ್ಟಿರೋ ಸಮಯ 0 ಸೆಕೆಂಡು. ಶುರು ಮಾಡಿತು, ಆ ಕ್ಷಣವೇ ಸಮಯ ಮೀರಿತು ಅಂತ ಕೊಂದಿತು. ಖಾಲಿ ಬಿಟ್ಟಿದ್ದ ಕೆಲಸಗಳೆಲ್ಲ ಒಂದರ ಹಿಂದೆ ಒಂದು ಸತ್ತವು, ಸಂಬಳದ ಪಟ್ಟಿಯೂ ಸೇರಿ. ಬೆಳಗ್ಗೆ ಗಾಬರಿಯಲ್ಲಿ ನಾನು ಮಾಡಿದ ರಿಪೇರಿ ಏನು ಗೊತ್ತೇ? "0 ಇದ್ದರೆ ಎರಡು ಗಂಟೆ ಅಂತ ತಿಳಿ" ಅಂತ ಒಂದು ಸಾಲು. ಪಟ್ಟಿ ಓಡಿತು. ಆದರೆ ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವ ಕೆಲಸ ಒಂದಿತ್ತು, ತಿಂಗಳ ಕೊನೆಯಲ್ಲಿ ಅದಕ್ಕೆ ಐದು ಗಂಟೆ ಬೇಕು. ಅದಕ್ಕೆ ಯಾರೋ ಹಿರಿಯರು ಬೇಕೆಂದೇ 0 ಬರೆದಿದ್ದರು. ಈಗ ಅದು ಎರಡನೇ ಗಂಟೆಗೆ ಕತ್ತರಿಸಿ ಬಿತ್ತು, ಫೈಲು ಬ್ಯಾಂಕಿಗೆ ಹೋಗಲೇ ಇಲ್ಲ.

ಸಂಬಳ ಎರಡು ದಿನ ತಡ ಆಯ್ತು. ನಮ್ಮ ಕಟ್ಟಡದ ಗೇಟಿನಲ್ಲಿ ನಮ್ಮೂರ ಪಕ್ಕದವನೇ ಒಬ್ಬ ಹುಡುಗ ಸೆಕ್ಯೂರಿಟಿಯಾಗಿದ್ದ. "ಅಣ್ಣ, ಸಂಬಳ ಇನ್ನೂ ಬಿದ್ದಿಲ್ಲ. ಚೀಟಿ ಕಟ್ಟಬೇಕಿತ್ತು. ಏನೋ ಕಂಪ್ಯೂಟ್ರು ಕೆಟ್ಟೋಗಿದೆಯಂತೆ?" ಅಂದ. ಹೂಂ ಅಂದೆ. ಕೆಟ್ಟಿದ್ದು ಕಂಪ್ಯೂಟರಲ್ಲ ಅಂತ ಹೇಳೋಕೆ ಬಾಯಿ ಬರಲಿಲ್ಲ.

ಸರಿಪಡಿಸೋಕೆ ಕೂತಾಗ ನಿಜವಾದ ಪೆಟ್ಟು ಗೊತ್ತಾಯ್ತು. ಟೇಬಲ್ಲಿನಲ್ಲಿ ಈಗ ಬರೀ ಸೊನ್ನೆಗಳು. ಇದರಲ್ಲಿ ಯಾವುದು ಮನುಷ್ಯ ಯೋಚಿಸಿ ಬರೆದ ಸೊನ್ನೆ, ಯಾವುದು ನನ್ನ ಕಾಲಂ ತಾನಾಗಿ ತುಂಬಿದ ಸೊನ್ನೆ? ನೋಡಿದರೆ ಹೇಳೋಕಾಗಲ್ಲ. ಎರಡನ್ನೂ ಒಂದೇ ಡಬ್ಬಿಗೆ ಸುರಿದಾಗಿತ್ತು. ಹಳೆಯ ಫೈಲಿನ ಬ್ಯಾಕಪ್ ಯಾರೋ ಪುಣ್ಯಾತ್ಮರು ಇಟ್ಟಿದ್ದರಿಂದ ಬದುಕಿದೆ.

*

ಆ ಶನಿವಾರ ಮನೆಯಲ್ಲಿ ದೊಡ್ಡಪ್ಪನ ಹತ್ತಿರ ಇದನ್ನೆಲ್ಲ ಹೇಳ್ಕೊಂಡೆ. ಅವರು ಪತ್ರ ಬರೆಯೋ ಕೆಲಸ ಮಾಡಿಕೊಂಡು ಹೊಸಕೋಟೆ ಸಬ್‌ರಿಜಿಸ್ಟ್ರಾರ್ ಆಫೀಸಿನ ಸುತ್ತ ಆಯುಷ್ಯ ಕಳೆದವರು. ಕಂಪ್ಯೂಟರ್ ಅವರಿಗೆ ದೂರ. ಆದರೆ ತಕ್ಷಣ ಹೇಳಿದ್ರು: "ನೋಡಪ್ಪಾ, ಇಸಿ ತೆಗೆಸ್ತೀವಿ. ಫಾರಂ ಹದಿನಾರು ಬಂತು ಅಂದ್ರೆ ಇಷ್ಟು ವರ್ಷದ್ದು ಹುಡುಕಿದ್ದೀವಿ, ಏನೂ ವಹಿವಾಟಿಲ್ಲ ಅಂತ. ಇಸಿನೇ ತೆಗೆಸಿಲ್ಲ ಅಂದ್ರೆ ಯಾರೂ ಹುಡುಕೇ ಇಲ್ಲ ಅಂತ. ಎರಡೂ ಒಂದಾಯ್ತಾ?"

ಜಮೀನು, ಸೈಟು ಕೊಂಡವರಿಗೆ ಇದು ಗೊತ್ತಿರುತ್ತೆ. ನಮ್ಮ ರಾಜ್ಯದಲ್ಲಿ ಋಣಭಾರ ಪತ್ರ ಎರಡು ನಮೂನೆಯಲ್ಲಿ ಬರುತ್ತೆ. ವಹಿವಾಟು ಇದ್ದರೆ ನಮೂನೆ 15, ಇಲ್ಲದಿದ್ದರೆ ನಮೂನೆ 16. "ಏನೂ ಇಲ್ಲ" ಅಂತ ಹೇಳೋಕೇ ಸರ್ಕಾರ ಒಂದು ಪ್ರತ್ಯೇಕ ಕಾಗದ ಇಟ್ಟಿದೆ, ಅದಕ್ಕೆ ಶುಲ್ಕವೂ ಇದೆ! ದೊಡ್ಡಪ್ಪ ಕ್ರಯಪತ್ರ ಬರೆಯೋವಾಗಲೂ ಖಾಲಿ ಜಾಗ ಬಿಡ್ತಿರಲಿಲ್ಲ. ಒಂದೋ "ಇಲ್ಲ" ಅಂತ ಬರೀತಿದ್ರು, ಇಲ್ಲವೇ ಅಡ್ಡಗೆರೆ ಎಳೀತಿದ್ರು. ಖಾಲಿ ಬಿಟ್ಟ ಜಾಗದಲ್ಲಿ ನಾಳೆ ಯಾರು ಏನು ತುಂಬ್ತಾರೋ ಅನ್ನೋ ಭಯ. ನನ್ನ ಕಾಲಂ ಮಾಡಿದ್ದೂ ಅದನ್ನೇ. ಖಾಲಿ ಜಾಗದಲ್ಲಿ ಹೇಳದೆ ಕೇಳದೆ ಸೊನ್ನೆ ತುಂಬಿತ್ತು.

ಪತ್ರ ಬರೆಯೋರಿಗೆ ಗೊತ್ತಿರೋದು ಪ್ರೋಗ್ರಾಂ ಬರೆಯೋರಿಗೆ ಯಾಕೆ ಮರೆತುಹೋಗುತ್ತೆ ಅಂತ ಹುಡುಕ್ತಾ ಹೋದೆ. ಇದು ತುಂಬಾ ಹಳೇ ಕಾಯಿಲೆ.

*

ಮೊದಲು ನಮ್ಮ ಬ್ಲಾಗರುಗಳ ಮನೆಯ ಉದಾಹರಣೆಯನ್ನೇ ತಗೊಳ್ಳೋಣ. ಕನ್ನಡದಲ್ಲಿ "ಸೊನ್ನೆ" ಅಂದ್ರೆ ಎರಡು. ಒಂದು ಅಂಕಿ ಸೊನ್ನೆ. ಇನ್ನೊಂದು "ಅಂ" ಅನ್ನೋವಾಗ ಪಕ್ಕದಲ್ಲಿ ಇಡೋ ಅನುಸ್ವಾರ, ಅದನ್ನೂ ಸೊನ್ನೆ ಅಂತಲೇ ಕರೀತೀವಿ. ಕಣ್ಣಿಗೆ ಎರಡೂ ಒಂದೇ ಥರ. ಆದರೆ ಯೂನಿಕೋಡಿನಲ್ಲಿ ಅನುಸ್ವಾರದ ಸಂಖ್ಯೆ 3202, ಕನ್ನಡ ಅಂಕಿ ಸೊನ್ನೆಯದು 3302. ಯೂನಿಕೋಡ್ ಕನ್ನಡ ಬ್ಲಾಗುಗಳು ಶುರುವಾದ ಕಾಲದಲ್ಲಿ ಎಷ್ಟೋ ಜನ "ಬೆಂಗಳೂರು" ಅಂತ ಬರೆಯೋ ಬದಲು ನಡುವೆ ಅಂಕಿ ಸೊನ್ನೆ ಒತ್ತಿ "ಬೆ೦ಗಳೂರು" ಅಂತ ಬರೀತಿದ್ರು. ಓದೋರಿಗೆ ಏನೂ ತೊಂದರೆ ಇಲ್ಲ. ಹುಡುಕೋಕೆ ಹೋದರೆ ಮಾತ್ರ ಸಿಗಲ್ಲ. ನನ್ನ ಹಳೆಯ ಪೋಸ್ಟುಗಳಲ್ಲೂ ಇಂಥವು ಇನ್ನೂ ಇವೆ, ನಗಬೇಡಿ.

ನೋಡೋಕೆ ಒಂದೇ ಥರ ಇರೋ ಎರಡು ವಿಷಯಕ್ಕೆ ಒಂದೇ ಗುರುತು ಬಳಸೋದು ಅಂಕಿಗಳಷ್ಟೇ ಹಳೇದು. ಬ್ಯಾಬಿಲೋನಿನವರು ಸ್ಥಾನಬೆಲೆಯ ಅಂಕಿ ಬರೀತಿದ್ರು. ಯಾವುದಾದರೂ ಸ್ಥಾನದಲ್ಲಿ ಏನೂ ಇಲ್ಲದಿದ್ರೆ ಮೊದಮೊದಲು ಬರೀ ಜಾಗ ಬಿಡ್ತಿದ್ರು. ಬರೆಯೋನು ಕೈ ಬಿಗಿ ಮಾಡಿದ್ರೆ ಆ ಜಾಗವೇ ಮಾಯ, ಸಂಖ್ಯೆಯೇ ಬೇರೆ. ಎಷ್ಟೋ ಶತಮಾನ ಆದಮೇಲೆ ಆ ಖಾಲಿ ಜಾಗಕ್ಕೆ ಒಂದು ಗುರುತು ಹಾಕೋಕೆ ಶುರುಮಾಡಿದ್ರು.

ಅದಕ್ಕಿಂತ ಸ್ವಾರಸ್ಯದ್ದು ಬಕ್ಷಾಲಿ ಹಸ್ತಪ್ರತಿ. 1881ರಲ್ಲಿ ಪೇಶಾವರದ ಹತ್ತಿರ ಸಿಕ್ಕಿದ್ದು, ಈಗ ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿದೆ. ಭೂರ್ಜಪತ್ರದ ಮೇಲೆ ಬರೆದ ಲೆಕ್ಕದ ಪುಸ್ತಕ. ಅದರ ಕಾಲದ ಬಗ್ಗೆ ವಿದ್ವಾಂಸರ ಜಗಳ ಮುಗಿದಿಲ್ಲ. ಅದರಲ್ಲಿ ಸೊನ್ನೆಗೆ ಒಂದು ಚುಕ್ಕಿ. ಸರಿ. ಆದರೆ ಅದೇ ಚುಕ್ಕಿಯನ್ನ ಇನ್ನೊಂದಕ್ಕೂ ಬಳಸಿದ್ದಾರೆ: ಲೆಕ್ಕದಲ್ಲಿ ಇನ್ನೂ ಗೊತ್ತಿಲ್ಲದ, ಕಂಡುಹಿಡಿಯಬೇಕಾದ ರಾಶಿಗೆ! ನಾವು ಶಾಲೆಯಲ್ಲಿ ಎಕ್ಸ್ ಅಂತ ಬರೀತಿದ್ವಲ್ಲ, ಆ ಜಾಗದಲ್ಲಿ. "ಇಲ್ಲಿ ಏನೂ ಇಲ್ಲ" ಅನ್ನೋದಕ್ಕೂ "ಇಲ್ಲಿ ಏನಿದೆ ಅಂತ ಇನ್ನೂ ಗೊತ್ತಿಲ್ಲ" ಅನ್ನೋದಕ್ಕೂ ಒಂದೇ ಚುಕ್ಕಿ. ಕೈಯಲ್ಲಿ ಲೆಕ್ಕ ಮಾಡೋ ಮನುಷ್ಯನಿಗೆ ಪಕ್ಕದ ಮಾತು ನೋಡಿದರೆ ಯಾವ ಚುಕ್ಕಿ ಯಾವುದು ಅಂತ ತಿಳಿಯುತ್ತೆ. ಯಂತ್ರಕ್ಕೆ ಪಕ್ಕದ ಮಾತು ಓದೋಕೆ ಬರಲ್ಲ, ಅಷ್ಟೇ ವ್ಯತ್ಯಾಸ.

*

ಇನ್ನು ಸೊನ್ನೆಗೆ ಅರ್ಥ ಕೊಟ್ಟ ನಮ್ಮವರ ಕಡೆ ಬರೋಣ. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತರು ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಸೊನ್ನೆಯನ್ನ ಕೂಡುವ, ಕಳೆಯುವ, ಗುಣಿಸುವ ನಿಯಮ ಬರೆದ್ರು. ತೊಡಕು ಬಂದದ್ದು ಭಾಗಾಕಾರದಲ್ಲಿ. ಸೊನ್ನೆಯನ್ನ ಸೊನ್ನೆಯಿಂದ ಭಾಗಿಸಿದ್ರೆ ಸೊನ್ನೆ ಅಂದ್ರು. ಬೇರೆ ಸಂಖ್ಯೆಯನ್ನ ಸೊನ್ನೆಯಿಂದ ಭಾಗಿಸಿದ್ರೆ? ಛೇದದಲ್ಲಿ ಸೊನ್ನೆ ಇರೋ ರಾಶಿ ಅಂತ ಹಾಗೇ ಬಿಟ್ಟರು.

ಅದಾಗಿ ಇನ್ನೂರು ವರ್ಷಕ್ಕೆ ಕನ್ನಡ ನಾಡಿಗೆ ಬನ್ನಿ. ಮಾನ್ಯಖೇಟ, ಅಂದ್ರೆ ಇವತ್ತಿನ ಕಲಬುರಗಿ ಜಿಲ್ಲೆಯ ಮಳಖೇಡ, ರಾಷ್ಟ್ರಕೂಟರ ರಾಜಧಾನಿ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನ ಹೆಸರು ನಮಗೆಲ್ಲ ಕವಿರಾಜಮಾರ್ಗದಿಂದ ಗೊತ್ತು. ಅವನ ಕಾಲದಲ್ಲೇ ಇದ್ದವರು ಜೈನ ಗಣಿತಜ್ಞ ಮಹಾವೀರಾಚಾರ್ಯರು. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ಗಣಿತಸಾರಸಂಗ್ರಹ ಬರೆದ್ರು, ಶುರುವಿನಲ್ಲೇ ಅಮೋಘವರ್ಷನನ್ನ ಹೊಗಳಿದ್ದಾರೆ. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಿಂದ ಇದನ್ನ ಇಂಗ್ಲಿಷ್ ಅನುವಾದದ ಜೊತೆ ಹೊರತಂದ್ರು. ಮಹಾವೀರಾಚಾರ್ಯರ ಪ್ರಕಾರ ಒಂದು ರಾಶಿಗೆ ಸೊನ್ನೆ ಕೂಡಿದ್ರೂ, ಸೊನ್ನೆ ಕಳೆದ್ರೂ, ಸೊನ್ನೆಯಿಂದ ಭಾಗಿಸಿದ್ರೂ ರಾಶಿ ಹಾಗೇ ಇರುತ್ತೆ.

ಭಾಗಾಕಾರದ ಮಾತು ತಪ್ಪು ಅಂತ ಈಗ ಎಲ್ಲ ಪುಸ್ತಕಗಳೂ ಹೇಳ್ತವೆ. ತಪ್ಪು ಹೌದು. ಆದರೆ ಆ ತಪ್ಪಿನ ಹಿಂದೆ ಒಂದು ಯೋಚನೆ ಕಾಣುತ್ತೆ ನನಗೆ. ಹತ್ತು ಸೇರು ರಾಗಿ ಇದೆ, ಹಂಚಿಸಿಕೊಳ್ಳೋರು ಯಾರೂ ಇಲ್ಲ. ಹಂಚೋ ಕೆಲಸವೇ ನಡೀಲಿಲ್ಲ, ರಾಗಿ ಹತ್ತು ಸೇರು ಹಾಗೇ ಇದೆ. ಅಂದ್ರೆ ಇಲ್ಲಿ ಸೊನ್ನೆ ಒಂದು ಸಂಖ್ಯೆಯಾಗಿ ಕೆಲಸ ಮಾಡ್ತಿಲ್ಲ. "ಭಾಜಕ ಕೊಟ್ಟೇ ಇಲ್ಲ" ಅಂತ ಓದಿಕೊಂಡ ಹಾಗಾಯ್ತು. ಸೊನ್ನೆಯನ್ನ ಖಾಲಿ ಅಂತ ಓದೋದು ಅಂದ್ರೆ ಇದೇ.

ಮತ್ತೆ ಮುನ್ನೂರು ವರ್ಷ ಮುಂದೆ ಭಾಸ್ಕರಾಚಾರ್ಯರು. ಹುಟ್ಟಿದ್ದು 1114ರಲ್ಲಿ. ಅವರೇ ಹೇಳಿಕೊಂಡ ಊರು ವಿಜ್ಜಡವಿಡ. ಅದು ನಮ್ಮ ವಿಜಯಪುರವೇ ಅನ್ನೋರಿದ್ದಾರೆ, ಖಾನ್‌ದೇಶದ ಕಡೆಯದು ಅನ್ನೋರೂ ಇದ್ದಾರೆ. ಆ ಜಗಳ ಇವತ್ತು ಬೇಡ. 1150ರಲ್ಲಿ ಅವರು ಬರೆದ ಸಿದ್ಧಾಂತಶಿರೋಮಣಿಯ ಭಾಗಗಳು ಲೀಲಾವತಿ ಮತ್ತು ಬೀಜಗಣಿತ. ಸೊನ್ನೆಯಿಂದ ಭಾಗಿಸಿದ ರಾಶಿಗೆ ಅವರು ಖಹರ ಅಂತ ಹೆಸರಿಟ್ಟು, ಅದು ಅನಂತ ಅಂದ್ರು. ಪ್ರಳಯದಲ್ಲಿ ಜೀವರಾಶಿ ಸೇರಿದ್ರೂ ಸೃಷ್ಟಿಯಲ್ಲಿ ಹೊರಬಂದ್ರೂ ಅಚ್ಯುತನಲ್ಲಿ ಬದಲಾವಣೆ ಇಲ್ಲದ ಹಾಗೆ, ಇದಕ್ಕೆ ಏನು ಕೂಡಿದ್ರೂ ಕಳೆದ್ರೂ ಬದಲಾಗಲ್ಲ ಅಂತ ಹೋಲಿಕೆ ಕೊಟ್ಟರು.

ಆದರೆ ನನಗೆ ಅವರ ಇನ್ನೊಂದು ಮಾತು ಹೆಚ್ಚು ಇಷ್ಟ. ಅದನ್ನ ಓದಿದಾಗ ನನ್ನ ಕಾಲಂ ನೆನಪಾಗಿ ಮುಖ ಸಣ್ಣದಾಯ್ತು. ಒಂದು ರಾಶಿಯನ್ನ ಸೊನ್ನೆಯಿಂದ ಗುಣಿಸಿದ್ರೆ ಸೊನ್ನೆ, ಸರಿ. ಆದರೆ ಲೆಕ್ಕದಲ್ಲಿ ಇನ್ನೂ ಮುಂದಿನ ಹೆಜ್ಜೆಗಳು ಬಾಕಿ ಇದ್ದರೆ ಅವಸರಪಟ್ಟು ಸೊನ್ನೆ ಅಂತ ಬರೆದುಬಿಡಬೇಡ, "ಸೊನ್ನೆಯಿಂದ ಗುಣಿಸಿದ ಇಂಥ ರಾಶಿ" ಅಂತಲೇ ಇಟ್ಟುಕೊಂಡು ಮುಂದೆ ಹೋಗು ಅಂತಾರೆ ಲೀಲಾವತಿಯಲ್ಲಿ. ಯಾಕಂದ್ರೆ ಸೊನ್ನೆ ಅಂತ ಒಮ್ಮೆ ಬರೆದಮೇಲೆ ಅದು ಮೊದಲು ಐದಾಗಿತ್ತೋ ಐವತ್ತಾಗಿತ್ತೋ ತಿಳಿಯಲ್ಲ. ಬೇಗ ಸೊನ್ನೆ ಮಾಡಿದ್ರೆ ಸುದ್ದಿ ಕಳೆದುಹೋಗುತ್ತೆ, ಮತ್ತೆ ಸಿಗಲ್ಲ. ಎಂಟುನೂರ ಎಪ್ಪತ್ತಕ್ಕೂ ಹೆಚ್ಚು ವರ್ಷದ ಹಿಂದೆ ಹೇಳಿದ ಮಾತು!

*

ಈಗ ಕಂಪ್ಯೂಟರಿನ ಕಾಲಕ್ಕೆ ಹಾರೋಣ. ಕೆಲಸಕ್ಕೆ ಗಡುವು ಹಾಕೋ ಪದ್ಧತಿ ಬಂದದ್ದೇ ಯಂತ್ರದ ಸಮಯ ಚಿನ್ನದಷ್ಟು ದುಬಾರಿಯಾಗಿದ್ದಾಗ. ಐಬಿಎಂನ ಸಿಸ್ಟಮ್/360 ಘೋಷಣೆಯಾದದ್ದು 1964ರ ಏಪ್ರಿಲ್‌ನಲ್ಲಿ. 1970ರ ದಶಕದ ಆರಂಭದಲ್ಲಿ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ ಅದೇ ಕುಟುಂಬದ 360/44 ಬಂತು. ಆ ಕಾಲದಲ್ಲಿ ಪ್ರೋಗ್ರಾಂ ಅಂದ್ರೆ ತೂತು ಹೊಡೆದ ಕಾರ್ಡುಗಳ ಕಟ್ಟು. ಕಟ್ಟು ಕೊಟ್ಟು ಬಂದು ಸರದಿಗೆ ಕಾಯಬೇಕು. ಒಬ್ಬರ ಪ್ರೋಗ್ರಾಂ ಕೊನೆಯಿಲ್ಲದೆ ಸುತ್ತೋಕೆ ಶುರುಮಾಡಿದ್ರೆ ಹಿಂದೆ ನಿಂತ ಎಲ್ಲರ ದಿನ ಹಾಳು. ಅದಕ್ಕೇ ಗಡುವು.

ಐಬಿಎಂ ಮೇನ್‌ಫ್ರೇಮಿನಲ್ಲಿ ಈ ಗಡುವನ್ನ ಜೆಸಿಎಲ್ ಅನ್ನೋ ಭಾಷೆಯಲ್ಲಿ "ಟೈಮ್" ಅಂತ ಬರೀತಾರೆ. ಅದರ ನಿಯಮಗಳನ್ನ ಕೇಳಿ. ಟೈಮ್ ಬರೆಯದೇ ಬಿಟ್ಟರೆ ಆ ಕೇಂದ್ರದವರು ನಿಗದಿ ಮಾಡಿದ ಸಮಯ. 1440 ಅಂತ ಬರೆದ್ರೆ? 1440 ನಿಮಿಷ ಅಂದ್ರೆ ಸರಿಯಾಗಿ ಇಪ್ಪತ್ನಾಲ್ಕು ಗಂಟೆ. ಆದರೆ ಅರ್ಥ ಅದಲ್ಲ, ಮಿತಿಯೇ ಇಲ್ಲ ಅಂತ! ಇಡೀ ದಿನಕ್ಕಿಂತ ಹೆಚ್ಚು ಯಾರು ಕೇಳ್ತಾರೆ ಅಂದುಕೊಂಡಿದ್ದರೋ ಏನೋ. ಇನ್ನು 0 ಬರೆದ್ರೆ? ಕೆಲಸದ ಒಂದು ಹೆಜ್ಜೆಗೆ ಬರೆದ್ರೆ, ಹಿಂದಿನ ಹೆಜ್ಜೆ ಉಳಿಸಿದ ಸಮಯದಲ್ಲಿ ಓಡು ಅಂತ ಅರ್ಥ. ಇಡೀ ಕೆಲಸಕ್ಕೆ ಬರೆದ್ರೆ, "ಹಾಗೆ ಬರೆಯಬೇಡಿ, ಏನಾಗುತ್ತೋ ಹೇಳೋಕಾಗಲ್ಲ" ಅನ್ನೋ ಅರ್ಥದ ಮಾತು ಕೈಪಿಡಿಯಲ್ಲೇ ಇದೆ. ನೇರವಾಗಿ ಒಪ್ಪಿಕೊಂಡಿದ್ದಾರಲ್ಲ, ಅದಕ್ಕೆ ಮೆಚ್ಚಬೇಕು :-)

1969ರಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಯೂನಿಕ್ಸ್ ಇದಕ್ಕೆ ತನ್ನದೇ ಕೊಡುಗೆ ಕೊಟ್ಟಿತು. ಯೂನಿಕ್ಸ್ ಕಾಲ ಎಣಿಸೋದು 1970ರ ಜನವರಿ 1ರಿಂದ. ಗ್ರೀನ್‌ವಿಚ್‌ನಲ್ಲಿ ಮಧ್ಯರಾತ್ರಿ ಆಗಿದ್ದಾಗ ನಮ್ಮಲ್ಲಿ ಬೆಳಗ್ಗೆ ಐದೂವರೆ. ಯಾವುದೋ ಆ್ಯಪಿನಲ್ಲೋ ಹಳೇ ಮೊಬೈಲಿನಲ್ಲೋ "1 ಜನವರಿ 1970, ಬೆಳಗ್ಗೆ 5:30" ಅಂತ ದಿನಾಂಕ ನೋಡಿದ್ದೀರಾ? ಆ ದಿನ ಏನೂ ನಡೆದಿಲ್ಲ. ದಿನಾಂಕ ಗೊತ್ತಿಲ್ಲದ ಜಾಗದಲ್ಲಿ ಯಾರೋ ನನ್ನಂಥವನು 0 ತುಂಬಿದ್ದಾನೆ ಅಷ್ಟೇ.

ಗಡುವಿನ ವಿಷಯಕ್ಕೆ ಬಂದ್ರೆ, ಒಂದೇ 0ಗೆ ಯೂನಿಕ್ಸ್ ಮತ್ತು ಅದರ ನಂತರ ಬಂದವರು ಕೊಟ್ಟ ಅರ್ಥಗಳನ್ನ ಪಟ್ಟಿ ಮಾಡಿದೆ. ನಾಲ್ಕು ಗುಂಪು ಸಿಕ್ಕವು.

ಮೊದಲನೇದು, ಅಕ್ಷರಶಃ ಸೊನ್ನೆ. 1983ರ ಬರ್ಕ್ಲಿ ಯೂನಿಕ್ಸ್ 4.2ರಲ್ಲಿ ಬಂದ "ಸೆಲೆಕ್ಟ್" ಕರೆಯಲ್ಲಿ 0 ಅಂದ್ರೆ ಕಾಯಲೇಬೇಡ, ನೋಡಿ ತಕ್ಷಣ ವಾಪಸ್ ಬಾ. ಗಡುವನ್ನೇ ಕೊಡದಿದ್ರೆ ಎಷ್ಟು ಹೊತ್ತಾದರೂ ಕಾಯಿ. ಖಾಲಿ ಬೇರೆ, ಸೊನ್ನೆ ಬೇರೆ ಅಂತ ಸರಿಯಾಗಿ ಇಟ್ಟವರು ಇವರು.

ಎರಡನೇದು, ಮಹಾವೀರಾಚಾರ್ಯರ ಸೊನ್ನೆ ಅಂತ ನಾನು ಹೆಸರಿಟ್ಟಿದ್ದೀನಿ. ಯೂನಿಕ್ಸಿನ "ಅಲಾರಂ" ಕರೆಗೆ 0 ಕೊಟ್ಟರೆ ಈಗಿರೋ ಅಲಾರಂ ರದ್ದು. ಲಿನಕ್ಸಿನಲ್ಲಿ ಎಲ್ಲರೂ ಬಳಸೋ "ಟೈಮ್‌ಔಟ್" ಆಜ್ಞೆಗೂ 0 ಕೊಟ್ಟರೆ ಗಡುವೇ ಇಟ್ಟಿಲ್ಲ ಅನ್ನೋ ಹಾಗೆ ಕೆಲಸ ಓಡುತ್ತೆ. ಹಂಚೋರಿಲ್ಲ, ರಾಗಿ ಹಾಗೇ ಇದೆ!

ಮೂರನೇದು, ಭಾಸ್ಕರಾಚಾರ್ಯರ ಸೊನ್ನೆ, ಅಂದ್ರೆ ಅನಂತ. ಜಾವಾದಲ್ಲಿ ಇನ್ನೊಂದು ಥ್ರೆಡ್ ಮುಗಿಯೋದನ್ನ 0 ಮಿಲಿಸೆಕೆಂಡು ಕಾಯಿ ಅಂದ್ರೆ ಮುಗಿಯೋವರೆಗೂ ಕಾಯುತ್ತೆ. ಗೋ ಭಾಷೆಯ ಎಚ್‌ಟಿಟಿಪಿ ಕ್ಲೈಂಟಿನಲ್ಲೂ 0 ಅಂದ್ರೆ ಗಡುವಿಲ್ಲ. ಸೂಪರ್ ಕಂಪ್ಯೂಟರುಗಳಲ್ಲಿ ಕೆಲಸ ಹಂಚೋ ಸ್ಲರ್ಮ್ ಅನ್ನೋ ಶೆಡ್ಯೂಲರಿನಲ್ಲಿ ಸಮಯ 0 ಅಂದ್ರೆ "ನನಗೆ ಮಿತಿ ಬೇಡ" ಅನ್ನೋ ಬೇಡಿಕೆ, ಏನೂ ಬರೆಯದಿದ್ರೆ ಆ ಸಾಲಿನ ಪೂರ್ವನಿಗದಿ ಸಮಯ. ಆ ಸಾಲಿಗೇ ಒಂದು ಮೇಲ್ಮಿತಿ ಇದ್ದರೆ, ಮಿತಿ ಬೇಡ ಅಂದ ಕೆಲಸ ಶುರುವೇ ಆಗದೆ ಸರದಿಯಲ್ಲಿ ಕೂತಿರಬಹುದು. "ನನ್ನದೊಂದು ಗಡಿಯಾರ ಇಲ್ಲ" ಅನ್ನೋದಕ್ಕೂ "ನನಗೆ ಅನಂತ ಕಾಲ ಕೊಡಿ" ಅನ್ನೋದಕ್ಕೂ ವ್ಯತ್ಯಾಸ ಗೊತ್ತಾಗೋದು ಇಂಥ ಕಡೆ.

ನಾಲ್ಕನೇದು, "ನೀವು ಹೇಳಿದ ಹಾಗೆ" ಅನ್ನೋ ಸೊನ್ನೆ. ಅಂತರ್ಜಾಲದಿಂದ ಫೈಲ್ ತರೋಕೆ ಬಳಸೋ ಕರ್ಲ್ ಲೈಬ್ರರಿಯಲ್ಲಿ ಸಂಪರ್ಕದ ಗಡುವಿಗೆ 0 ಕೊಟ್ಟರೆ ಅದರ ಪೂರ್ವನಿಗದಿ 300 ಸೆಕೆಂಡು. ಅದೇ ಲೈಬ್ರರಿಯಲ್ಲಿ ಒಟ್ಟು ಗಡುವಿಗೆ 0 ಕೊಟ್ಟರೆ ಗಡುವೇ ಇಲ್ಲ! ಒಂದೇ ಮನೆಯಲ್ಲಿ ಎರಡು ಸೊನ್ನೆ.

ಯೂನಿಕ್ಸ್ ಬರೆದವರು ಗಣಿತಸಾರಸಂಗ್ರಹ ಓದಿದ್ದರು ಅಂತ ನಾನು ಹೇಳ್ತಿಲ್ಲ, ಫಾರ್ವರ್ಡ್ ಮಾಡಬೇಡಿ. ಒಂದೇ ಗುರುತಿಗೆ ಎರಡು ಕೆಲಸ ಕೊಟ್ಟಾಗ ಜನ ಯಾವ ಕಾಲದಲ್ಲಾದರೂ ಇದೇ ಕವಲುದಾರಿಗಳಿಗೆ ಬರ್ತಾರೆ ಅಂತ ಅಷ್ಟೇ.

*

ಗೊಂದಲ ಬಿಡಿಸೋಕೆ ಪ್ರಯತ್ನ ಮಾಡಿದವರೂ ಇದ್ದಾರೆ. 1970ರಲ್ಲಿ ರಿಲೇಶನಲ್ ಡೇಟಾಬೇಸಿನ ಕಲ್ಪನೆ ಕೊಟ್ಟ ಎಡ್ಗರ್ ಕಾಡ್, ಗೊತ್ತಿಲ್ಲದ ಮಾಹಿತಿಗೆ ಸೊನ್ನೆಯೂ ಅಲ್ಲದ, ಖಾಲಿ ಅಕ್ಷರವೂ ಅಲ್ಲದ "ನಲ್" ಅನ್ನೋ ಪ್ರತ್ಯೇಕ ಗುರುತು ಬೇಕು ಅಂತ ವಾದಿಸಿದರು. ಆಮೇಲೆ ಅದೂ ಸಾಲದು, "ಇರಬೇಕಿತ್ತು, ಗೊತ್ತಿಲ್ಲ" ಅನ್ನೋದಕ್ಕೊಂದು, "ಈ ಪ್ರಶ್ನೆಯೇ ಇವರಿಗೆ ಅನ್ವಯಿಸಲ್ಲ" ಅನ್ನೋದಕ್ಕೊಂದು, ಹೀಗೆ ಎರಡು ಗುರುತು ಬೇಕು ಅಂದ್ರು. ಎರಡನೇದನ್ನ ಯಾರೂ ಅಷ್ಟಾಗಿ ತಲೆಗೆ ಹಾಕಿಕೊಳ್ಳಲಿಲ್ಲ.

ಪ್ರೋಗ್ರಾಮಿಂಗ್ ಭಾಷೆಗಳಲ್ಲಿ ಇನ್ನೊಂದು ಪಾಪ ನಡೀತಿತ್ತು. "ಗಡುವು ಅಥವಾ 30" ಅಂತ ಬರೆಯೋದು. ಗಡುವು ಕೊಟ್ಟಿದ್ರೆ ಅದನ್ನ ತಗೋ, ಇಲ್ಲದಿದ್ರೆ 30 ಸೆಕೆಂಡು ಅಂತ ಉದ್ದೇಶ. ಆದರೆ ಪರ್ಲ್, ಪೈಥಾನ್, ಜಾವಾಸ್ಕ್ರಿಪ್ಟ್‌ನಂಥ ಭಾಷೆಗಳಲ್ಲಿ "ಅಥವಾ"ದ ಕಣ್ಣಿಗೆ 0 ಕೂಡ ಸುಳ್ಳು, ಖಾಲಿ ಕೂಡ ಸುಳ್ಳು. ನೀವು ಬೇಕಂತಲೇ 0 ಕೊಟ್ಟರೂ ಅದು ಕೇಳಿಸಿಕೊಳ್ಳದೆ 30 ಹಾಕುತ್ತೆ. ಈ ಒಂದು ತಪ್ಪು ಎಷ್ಟು ಕಡೆ ಕಾಡಿತು ಅಂದ್ರೆ ಭಾಷೆಗಳೇ ಬದಲಾದವು. 2007ರ ಡಿಸೆಂಬರಿನಲ್ಲಿ ಬಂದ ಪರ್ಲ್ 5.10ರಲ್ಲಿ ಎರಡು ಓರೆಗೆರೆಯ ಹೊಸ ಚಿಹ್ನೆ ಸೇರಿಸಿದ್ರು: "ಕೊಟ್ಟಿದ್ರೆ ಅದು, ಅದು 0 ಆದ್ರೂ ಸರಿ. ಕೊಟ್ಟೇ ಇಲ್ಲದಿದ್ರೆ ಮಾತ್ರ ಇದು" ಅಂತ. ಪಿಎಚ್‌ಪಿ 2015ರಲ್ಲಿ, ಜಾವಾಸ್ಕ್ರಿಪ್ಟ್ 2020ರಲ್ಲಿ ಎರಡು ಪ್ರಶ್ನಾರ್ಥಕ ಚಿಹ್ನೆಯನ್ನ ಇದೇ ಥರದ ಕೆಲಸಕ್ಕೆ ತಂದವು.

ಗೂಗಲ್‌ನವರ ಪ್ರೋಟೋಕಾಲ್ ಬಫರ್ ಕಥೆ ಇನ್ನೂ ಪಾಠ. ಎರಡನೇ ಆವೃತ್ತಿಯಲ್ಲಿ "ಈ ಅಂಕಿ ಕೊಟ್ಟಿದ್ದಾರಾ ಇಲ್ಲವಾ" ಅಂತ ಕೇಳೋಕೆ ಆಗ್ತಿತ್ತು. 2016ರ ಮೂರನೇ ಆವೃತ್ತಿಯಲ್ಲಿ ಸರಳ ಮಾಡ್ತೀವಿ ಅಂತ ಸಾದಾ ಅಂಕಿಗಳಿಗೆ ಅದನ್ನ ತೆಗೆದುಹಾಕಿದ್ರು. ಕೊಡದಿದ್ರೂ 0, 0 ಕೊಟ್ಟರೂ 0. ಜನ ಪಾಡು ಪಟ್ಟರು. 2021ರ 3.15 ಆವೃತ್ತಿಯಲ್ಲಿ ಆ ಸೌಲಭ್ಯ ವಾಪಸ್ ಬಂತು. ಇದನ್ನ ಓದಿದಾಗ ಅಷ್ಟು ದೊಡ್ಡವರೂ ನನ್ನ ಕಾಲಂ ಮಾಡಿದ್ದರಲ್ಲ ಅಂತ ಸ್ವಲ್ಪ ಸಮಾಧಾನ ಆಯ್ತು, ಸುಳ್ಳು ಯಾಕೆ ಹೇಳಲಿ.

ಚೆನ್ನಾಗಿ ಮಾಡಿದ್ದಕ್ಕೂ ಒಂದು ಉದಾಹರಣೆ. ಕುಬರ್ನೆಟೀಸ್‌ನಲ್ಲಿ ಮುಗಿದ ಕೆಲಸವನ್ನ ಎಷ್ಟು ಸೆಕೆಂಡಿನ ನಂತರ ಅಳಿಸಬೇಕು ಅಂತ ಹೇಳೋ ಒಂದು ಸೆಟ್ಟಿಂಗ್ ಇದೆ. 0 ಅಂದ್ರೆ ಮುಗಿದ ಕೂಡಲೇ ಅಳಿಸಬಹುದು. ಬರೆಯದೇ ಬಿಟ್ಟರೆ ತಾನಾಗಿ ಅಳಿಸಲ್ಲ. ಎರಡಕ್ಕೂ ಬೇರೆ ಬೇರೆ ಅರ್ಥ, ಎರಡನ್ನೂ ದಾಖಲೆಯಲ್ಲಿ ಬಿಡಿಸಿ ಬರೆದಿದ್ದಾರೆ. ಇಲ್ಲಿ ಯಾರಾದರೂ ಖಾಲಿಗೆ 0 ತುಂಬಿದ್ರೆ? ಇರಲಿ ಅಂತ ಬಿಟ್ಟ ಕೆಲಸದ ದಾಖಲೆಗಳೆಲ್ಲ ಮುಗಿದ ಬೆನ್ನಲ್ಲೇ ಮಾಯ.

*

ಕೊನೆಗೆ ನಾವು ಏನು ಮಾಡಿದ್ವಿ ಅಂತ ಹೇಳಿ ಮುಗಿಸ್ತೀನಿ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಕಾಲಂನಲ್ಲಿ ಖಾಲಿ ಬಿಡೋಕೆ ಅವಕಾಶ ಕೊಟ್ವಿ. ಖಾಲಿಯನ್ನ ಖಾಲಿಯಾಗೇ ಕೊನೆಯವರೆಗೂ ಒಯ್ದು, ಕೆಲಸ ಶುರುವಾಗೋ ಗಳಿಗೆಯಲ್ಲಿ ಮಾತ್ರ "ಇವನಿಗೆ ಗಡುವು ಹೇಳಿಲ್ಲ, ಹಾಗಾದ್ರೆ ಎಲ್ಲರಿಗೂ ಇರೋ ಎರಡು ಗಂಟೆ" ಅಂತ ತೀರ್ಮಾನ ಮಾಡೋ ಹಾಗೆ ಬದಲಿಸಿದ್ವಿ. ಭಾಸ್ಕರಾಚಾರ್ಯರು ಹೇಳಿದ ಹಾಗೆ ಹೆಜ್ಜೆಗಳು ಬಾಕಿ ಇರೋವಾಗ ಸೊನ್ನೆ ಮಾಡಲಿಲ್ಲ. ಇದರಿಂದ ಇನ್ನೊಂದು ಲಾಭವೂ ಆಯ್ತು. ನಾಳೆ ಆ ಎರಡು ಗಂಟೆಯನ್ನ ಮೂರು ಮಾಡಿದ್ರೆ ಖಾಲಿ ಬಿಟ್ಟ ಎಲ್ಲ ಕೆಲಸಗಳಿಗೂ ತಾನಾಗಿ ಅನ್ವಯಿಸುತ್ತೆ. ಮೊದಲೇ 120 ಅಂತ ತುಂಬಿಟ್ಟಿದ್ರೆ ಹಾಗಾಗ್ತಿರಲಿಲ್ಲ.

ಪರದೆಯ ಮೇಲೆ ಅಂಕಿ ತುಂಬೋ ಒಂದೇ ಡಬ್ಬಿಯ ಬದಲು ಮೂರು ಆಯ್ಕೆ ಇಟ್ವಿ: "ಎಲ್ಲರಂತೆ", "ಗಡುವಿಲ್ಲ", "ಇಷ್ಟು ನಿಮಿಷ". ಮೂರನೇದರಲ್ಲಿ 0 ಬರೆದ್ರೆ ತಗೊಳ್ಳಲ್ಲ, "ನಿಮ್ಮ ಮನಸ್ಸಿನಲ್ಲಿ ಇರೋದು ಯಾವುದು?" ಅಂತ ವಾಪಸ್ ಕೇಳುತ್ತೆ. ಪ್ರತಿ ಕೆಲಸದ ದಾಖಲೆಯಲ್ಲೂ ಗಡುವು ಎಷ್ಟು ಅನ್ನೋದರ ಜೊತೆಗೆ ಅದು ಎಲ್ಲಿಂದ ಬಂತು ಅಂತಲೂ ಬರೆಯೋ ಹಾಗೆ ಮಾಡಿದ್ವಿ: ಮನುಷ್ಯ ಹೇಳಿದ್ದಾ, ಪೂರ್ವನಿಗದಿಯಾ. ಹಳೇ ಬ್ಯಾಕಪ್ ಮುಂದಿಟ್ಟುಕೊಂಡು ಒಂದೊಂದೇ ಸೊನ್ನೆಯ ಜಾತಕ ನೋಡಿ ಸರಿಪಡಿಸೋಕೆ ಎರಡು ರಾತ್ರಿ ಹಿಡೀತು.

ಮುಂದಿನ ತಿಂಗಳು ಸಂಬಳ ಹೊತ್ತಿಗೆ ಸರಿಯಾಗಿ ಬಿತ್ತು. ಗೇಟಿನ ಹುಡುಗ ಏನೂ ಕೇಳಲಿಲ್ಲ, ಎಂದಿನ ಹಾಗೆ ಕೈ ಎತ್ತಿದ ಅಷ್ಟೇ. ದೊಡ್ಡಪ್ಪನಿಗೆ ಮೂರು ಆಯ್ಕೆಯ ವಿಷಯ ಹೇಳಿದೆ. "ಇದನ್ನ ಮಾಡೋಕೆ ಇಂಜಿನಿಯರಿಂಗ್ ಓದಬೇಕಾಗಿತ್ತಾ?" ಅಂದ್ರು.

ನಿಮ್ಮ ಕೆಲಸದಲ್ಲಿ, ಮನೆಯಲ್ಲಿ, ಆಫೀಸಿನ ಅರ್ಜಿಗಳಲ್ಲಿ ಇಂಥ ಖಾಲಿ-ಸೊನ್ನೆ ಎಡವಟ್ಟು ಆಗಿದ್ದರೆ ಬರೆದು ತಿಳಿಸಿ. ನಾನಂತೂ ಈಗ ನನ್ನ ಹಳೆಯ ಪೋಸ್ಟುಗಳಲ್ಲಿ ಅನುಸ್ವಾರದ ಜಾಗದಲ್ಲಿ ಕೂತಿರೋ ಅಂಕಿ ಸೊನ್ನೆಗಳನ್ನ ಹುಡುಕಿ ತೆಗೀಬೇಕು. ಅದೊಂದು ಬಾಕಿ ಇದೆ.